ಒಜಚಜಗ

ಮಂಗಳವಾರದಿಂದ ಈ ಶಬ್ದ ತಲೆಯೊಳಗೆ ಕೂತುಬಿಟ್ಟಿದೆ. ರೊಟ್ಟಿ ಬಡಿಯುವಾಗಲೂ ಅದೇ ತಾಳ. ಒಜಚಜಗ, ಒಜಚಜಗ.

ಕೊಪ್ಪಳದ ಒಂದು ಅಂಗಡಿಯಲ್ಲಿ ನನಗೆ ಡಿಟಿಪಿ ಕೆಲಸ. ಮದುವೆ ಕಾರ್ಡು, ಜಾತ್ರೆಯ ಕರಪತ್ರ, ಹೆಚ್ಚೆಂದರೆ ಕವನ ಸಂಕಲನ. ಗವಾಯಿಗಳು ತಮ್ಮ ಶಿಷ್ಯೆಗೆ ಯಮನ್ ಮತ್ತು ಭೈರವಿ ರಾಗಗಳ ಸ್ವರಲಿಪಿ ಬ್ರೈಲಿನಲ್ಲಿ ಬೇಕು ಎಂದಾಗ ಸುಮ್ನೆ ಒಪ್ಪಿಕೊಂಡೆ. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು.

ಟೈಪ್ ಮಾಡಿದೆ, ಸಾಫ್ಟ್‌ವೇರಿಗೆ ಹಾಕಿದೆ, ದಪ್ಪ ಹಾಳೆಯ ಮೇಲೆ ಚುಕ್ಕಿ ಎದ್ದವು. ಗವಾಯಿಗಳ ಬೆರಳು ಯಮನ್ ಮೇಲೆ ಸರಸರ ಓಡಿತು. ಸಾ ದಾಟಿದ್ದೇ ನಿಂತಿತು. ಹಿಂದೆ ಬಂತು. ಮತ್ತೆ ಮುಂದೆ ಹೋಯಿತು.

“ತಂಗಿ, ಈ ಒಜಚಜಗ ಯಾವ ಸ್ವರಾನವ್ವಾ?”

ತಾರ ಸಪ್ತಕದ, ಅಂದರೆ ಮೇಲಿನ ಸ್ಥಾಯಿಯ, ಸಾ ಮೇಲೆ ನಾವು ಚುಕ್ಕಿ ಇಡುತ್ತೇವೆ. ಆ ಚುಕ್ಕಿಯ ಪರಿಚಯ ಸಾಫ್ಟ್‌ವೇರಿಗೆ ಇರಲಿಲ್ಲ. ಗೊತ್ತಿಲ್ಲದ ಗುರುತು ಬಂದರೆ ಕಂಪ್ಯೂಟರಿನಲ್ಲಿ ಅದಕ್ಕಿರುವ ಯುನಿಕೋಡ್ ಸಂಖ್ಯೆಯನ್ನೇ ಒತ್ತಿಬಿಡುತ್ತದೆ: ಎಕ್ಸ್ 0307. ಬ್ರೈಲಿನಲ್ಲಿ ಅಂಕಿಗೆ ಬೇರೆ ರೂಪ ಇಲ್ಲ. ಅದಕ್ಕೂ ಮೊದಲು, ಇದು ಅಂಕಿ ಎನ್ನುವ ಸಂಖ್ಯಾಸೂಚಕ ಇಲ್ಲದಿದ್ದರೆ ಸೊನ್ನೆ ಜ ಆಗುತ್ತದೆ, ಮೂರು ಚ, ಏಳು ಗ. ಇಂಗ್ಲಿಷಿನ ಎಕ್ಸ್‌ನ ಚುಕ್ಕಿಗಳೇ ಕನ್ನಡದ ಒ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಮೇಲೆ ಭೈರವಿ. ಮೊದಲ ಸಾಲಿನಲ್ಲಿ ಬರೀ ಮಧ್ಯ ಸಪ್ತಕ, ಬೆರಳು ಎಲ್ಲೂ ನಿಲ್ಲಲಿಲ್ಲ. ಈ ಸಲ ನಗಲಿಲ್ಲ ಅವರು.

“ಇದು ಭೈರವಿ ಅಲ್ಲವ್ವಾ. ಬಿಲಾವಲ್.”

ಕೋಮಲ, ಅಂದರೆ ತುಸು ಇಳಿಸಿದ, ಸ್ವರಕ್ಕೆ ಕೆಳಗೆ ಗೆರೆ ಎಳೆದಿದ್ದೆ. ಅದು ಅಕ್ಷರವಲ್ಲ, ಬರೀ ಅಲಂಕಾರ ಎಂದುಕೊಂಡು ಸಾಫ್ಟ್‌ವೇರ್ ಎಲ್ಲ ಗೆರೆಗಳನ್ನೂ ಕಿತ್ತುಹಾಕಿತ್ತು. ಭೈರವಿಯಲ್ಲಿ ಕೋಮಲವಾಗಬೇಕಾದ ರಿ, ಗ, ಧ, ನಿ ನಾಲ್ಕೂ ಬಿಲಾವಲ್ ರಾಗದ ಹಾಗೆ ಶುದ್ಧವಾಗಿ ಕೂತಿದ್ದವು. ಒಜಚಜಗ ಕಂಡರೆ ಯಾರಾದರೂ ನಿಂತು ಕೇಳುತ್ತಾರೆ. ಇದನ್ನು ಯಾರು ಕೇಳಬೇಕು? ಹಾಳೆ ನೇರ ಆ ಹುಡುಗಿಯ ಕೈಗೆ ಹೋಗಿದ್ದರೆ? ಆ ಪ್ರಶ್ನೆ ಮಾತ್ರ ಇನ್ನೂ ಬಿಟ್ಟಿಲ್ಲ.

“ಅವರಿಗೆ ಅಷ್ಟು ಸಾಕು ಬಿಡಮ್ಮ,” ಅಂದರು ನಮ್ಮ ಮಾಲೀಕರು. ಕೆಟ್ಟವರಲ್ಲ. ಆದರೆ ಹೋದ ತಿಂಗಳು ಮದುಮಗನ ಇನಿಷಿಯಲ್ ತಪ್ಪಾಯಿತೆಂದು 500 ಕಾರ್ಡು ಮತ್ತೆ ಒತ್ತಿಸಿದ್ದು ಇದೇ ಪುಣ್ಯಾತ್ಮರು.

ಸರಿ, ಮೇಲಿನ ಸಾಗೆ ಒಂದು ಗುರುತು ಹುಡುಕೋಣ ಎಂದು ಕೂತೆವು. ಬ್ರೈಲಿನ ಒಂದು ಮನೆಯಲ್ಲಿ ಆರು ಚುಕ್ಕಿ, ಒಂದೊಂದಕ್ಕೂ ಒಂದು ಸಂಖ್ಯೆ. ಸಾಗೆ ಮೊದಲು 4ನೇ ಚುಕ್ಕಿ ಇಟ್ಟರೆ? “ಅದು ಅರ್ಧಾಕ್ಷರದ್ದು, ಸಾ ಹೋಗಿ ಸ್ ಆಗ್ತದ.” ಹೌದಲ್ವಾ, ಬ್ರೈಲಿನಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ, ಎಲ್ಲ ಒಂದೇ ಸಾಲು. 5ನೇ ಚುಕ್ಕಿ? “ರಿ ಮುಂದೆ ಇಟ್ಟು ನೋಡು, ಋ ಆಗ್ತದ.” 6 ವಿಸರ್ಗದ್ದು. ಆರು ಚುಕ್ಕಿಯಿಂದ ಹುಟ್ಟುವುದು ಒಟ್ಟು 63 ರೂಪ. ಅಷ್ಟರಲ್ಲೇ ಇಡೀ ವರ್ಣಮಾಲೆ, ಅಂಕಿ, ಅಲ್ಪವಿರಾಮ ಎಲ್ಲ ಸಂಸಾರ ಮಾಡಬೇಕು. 1951ರಲ್ಲಿ ಭಾರತದ ಭಾಷೆಗಳಿಗೆಲ್ಲ ಸಾಮಾನ್ಯವಾದ ಭಾರತಿ ಬ್ರೈಲ್ ಒಪ್ಪಿದವರು ಇಷ್ಟೊಂದು ಭಾಷೆಗಳನ್ನು ಒಂದೇ ಗೂಡಿನಲ್ಲಿ ಹೇಗೆ ಕೂರಿಸಿದರೋ!

ಕೊನೆಗೆ ಗವಾಯಿಗಳೇ ತಾರಕ್ಕೆ 4 ಮತ್ತು 6ನೇ ಚುಕ್ಕಿ, ಕೋಮಲಕ್ಕೆ 4 ಮತ್ತು 5ನೇದು ಎಂದು ಗೊತ್ತು ಮಾಡಿದರು. ಹಾಳೆಯ ತಲೆಯಲ್ಲಿ ಅದರ ಅರ್ಥ ಬರೆಯಬೇಕು. ಗೆರೆ ಬಿಟ್ಟು ಅಂಥ ಪ್ರತಿ ಸ್ವರಕ್ಕೂ ಮೊದಲು ನಾನೇ ಗುರುತು ಟೈಪ್ ಮಾಡಬೇಕು. ಎರಡು ಸಂಜೆ ಹಿಡಿಯಿತು.

ನಿನ್ನೆ ಹೊಸ ಹಾಳೆ ಒಯ್ಯಲು ಬಂದರು. ಹಳೆಯ ಭೈರವಿ ರದ್ದಿಗೆ ಹಾಕಿದ್ದೆ. ಅದನ್ನೂ ಕೇಳಿ ಪಡೆದು, ಮಡಿಸದೆ ಚೀಲದಲ್ಲಿಟ್ಟುಕೊಂಡರು.

“ಮೊದಲು ಇದನ್ನ ಕೊಡ್ತೀನಿ ಅಕಿಗೆ. ಹಿಡೀತಾಳೋ ಇಲ್ಲೋ ನೋಡೂಣು.”