ಅಳಿಸಿಹೋದ ಒಂದು ಮೂಲೆ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಗಣಿತ ಬೋಧಿಸುವ ನಾನು, ಮಕ್ಕಳು ಸ್ವಂತವಾಗಿ ಯೋಚಿಸಬೇಕೆಂದು ಹೇಳುತ್ತಲೇ ಅದಕ್ಕೆ ಅಡ್ಡ ನಿಂತಿದ್ದೆನೆಂಬುದು ತಿಳಿದದ್ದು ಸಹೋದ್ಯೋಗಿಯೊಬ್ಬರ ಟಿಪ್ಪಣಿಯಿಂದ.

ಒಂದು ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ, ಏಳನೆಯ ತರಗತಿಯ ಎರಡು ವಿಭಾಗಗಳಿಗೆ ಗಣಿತ ಹೇಳುವ ನಾವಿಬ್ಬರು ಮತ್ತು ಚಿಕ್ಕ ತರಗತಿಗಳಿಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಶಿಕ್ಷಕಿ ಕುಳಿತು ಒಂದೇ ಪಾಠವನ್ನು ಸಿದ್ಧಪಡಿಸಿದೆವು. ಒಬ್ಬರು ಪಾಠ ಮಾಡುವಾಗ ಉಳಿದವರು ಮಕ್ಕಳೊಂದಿಗೆ ಮಾತನಾಡದೆ, ಅವರು ಮಾಡಿದ್ದನ್ನು ಮಾತ್ರ ಬರೆದುಕೊಳ್ಳಬೇಕೆಂಬುದು ನಮ್ಮ ಕರಾರು. ಜಪಾನಿನ ಶಿಕ್ಷಕರು ಬಹುಕಾಲದಿಂದ ಅನುಸರಿಸುತ್ತಿರುವ ಈ ಕ್ರಮವನ್ನು ಅಲ್ಲಿ ‘ಜುಗ್ಯೋ ಕೆಂಕ್ಯು’ ಎನ್ನುತ್ತಾರೆ. (ನಲಿ-ಕಲಿ ಮಕ್ಕಳನ್ನು ಆ ಅವಧಿಯಲ್ಲಿ ಮುಖ್ಯ ಶಿಕ್ಷಕರೇ ನೋಡಿಕೊಳ್ಳದಿದ್ದರೆ ನಮ್ಮ ಯೋಜನೆ ಸ್ಟಾಫ್ ರೂಮಿನ ಹೊಸ್ತಿಲು ದಾಟುತ್ತಿರಲಿಲ್ಲ.)

ಒಂದು ಸೆಂ.ಮೀ. ಚೌಕುಳಿಯ ಹಾಳೆಯ ಮೇಲೆ ಸುತ್ತಳತೆ 24 ಸೆಂ.ಮೀ. ಇರುವ ಆಯತಗಳನ್ನು ರಚಿಸುವುದು ನಾವು ಕೊಟ್ಟ ಪ್ರಶ್ನೆ. ನನ್ನ ತರಗತಿ 1×11ರಿಂದ 6×6ರವರೆಗೆ ಆರನ್ನೂ ಕಂಡುಹಿಡಿದಾಗ ನಾನು ಹಿಗ್ಗಿದ್ದೆ. ನಲಿ-ಕಲಿ ಶಿಕ್ಷಕಿಯ ಪುಸ್ತಕದಲ್ಲಿ ಹೀಗಿತ್ತು: ‘ಮೂರನೆಯ ಸಾಲಿನ ಹುಡುಗಿ 6×6ರ ಮೂಲೆಯಿಂದ ಒಂದು ಚೌಕ ತೆಗೆದಳು. ಸುತ್ತಳತೆಯನ್ನು ಎರಡು ಸಲ ಎಣಿಸಿದಳು. ಇದು ಆಯತ ಅಲ್ಲವಲ್ಲ ಎಂದರು ಮೇಡಂ. ಅಳಿಸಿದಳು.’

ಆ ಮಾತು ಆಡಿದ ನೆನಪೇ ನನಗಿರಲಿಲ್ಲ. ಮೂಲೆ ತೆಗೆದರೂ ಸುತ್ತಳತೆ 24 ಆಗಿಯೇ ಉಳಿದು ವಿಸ್ತೀರ್ಣ ಮಾತ್ರ 35ಕ್ಕೆ ಇಳಿಯುತ್ತದೆಂಬ, ನಾವು ಮೂವರೂ ಊಹಿಸಿರದ ಸಂಗತಿ ಆ ರಬ್ಬರಿನಡಿ ಮಾಯವಾಗಿತ್ತು. ಸಹೋದ್ಯೋಗಿಗಳು ನನ್ನನ್ನು ಆಕ್ಷೇಪಿಸಲಿಲ್ಲ. ಮೂವರೂ ಸೇರಿ ಬರೆದ ಪ್ರಶ್ನೆಯಲ್ಲಿದ್ದ ‘ಆಯತ’ ಎಂಬ ಪದವನ್ನೇ ಪ್ರಶ್ನಿಸಿದರು. ಅದನ್ನು ‘ಆಕೃತಿ’ ಎಂದು ತಿದ್ದಿ, ಮೊದಲ ಹತ್ತು ನಿಮಿಷ ಶಿಕ್ಷಕರು ಸಾಲುಗಳ ನಡುವೆ ಓಡಾಡಬಾರದೆಂದು ನಿಶ್ಚಯಿಸಿದೆವು.

ಇನ್ನೊಂದು ವಿಭಾಗದ ಮಕ್ಕಳು ಮೂಲೆಯಿಂದ ಒಂದೊಂದೇ ಚೌಕ ಕಳೆಯುತ್ತ, ಸುತ್ತಳತೆ ಬದಲಾಗದಂತೆ, 36ರಿಂದ 11ರವರೆಗಿನ ಎಲ್ಲ ಪೂರ್ಣಾಂಕ ವಿಸ್ತೀರ್ಣಗಳನ್ನೂ ಪಡೆದರು. ಆಗ ಹುಡುಗನೊಬ್ಬ, “10 ಯಾಕೆ ಆಗಲ್ಲ ಸರ್?” ಎಂದು ಕೇಳಿದ. ನಮ್ಮಲ್ಲಿ ಯಾರಿಗೂ ಉತ್ತರ ತಕ್ಷಣ ಹೊಳೆಯಲಿಲ್ಲ.

ಸಂಜೆ ರಟ್ಟಿನ ಚೌಕಗಳನ್ನು ಜೋಡಿಸುತ್ತ ಕುಳಿತಾಗ ಕಾರಣ ಕಂಡಿತು: ಒಂದು ಚೌಕದ ಸುತ್ತಳತೆ 4, ಅಂಚಿಗೆ ಅಂಚು ಕೂಡಿಸುವ ಪ್ರತಿ ಹೊಸ ಚೌಕ ಹೆಚ್ಚೆಂದರೆ 2 ಸೇರಿಸುತ್ತದೆ, ಹಾಗಾಗಿ ಹತ್ತು ಚೌಕಗಳಿಂದ 22 ದಾಟಲಾಗದು. ಮರುದಿನ ಆ ಹುಡುಗನಿಗೆ ಉತ್ತರ ಹೇಳದೆ, ರಟ್ಟಿನ ಚೌಕಗಳನ್ನಷ್ಟೇ ಕೊಟ್ಟೆವು.