ಮಳೆಗಾಲದಲ್ಲಿ ರಾಜ್‌ದೂತ್ 350

ಕೊನೆಗೂ ಹಳೆಯ ರಾಜ್‌ದೂತ್ 350 ಬೈಕ್ ನಮ್ಮ ಮನೆ ಅಂಗಳಕ್ಕೆ ಬಂತು. ಭಾರತದಲ್ಲಿ ಎಸ್ಕಾರ್ಟ್ಸ್ ಕಂಪನಿ ತಯಾರಿಸಿದ ಗಾಡಿ, ಮೂಲ ಜಪಾನಿನ ಯಮಹಾ ಆರ್‌ಡಿ350. 1983ರಲ್ಲಿ ಮಾರಾಟಕ್ಕೆ ಬಂದದ್ದು. 347 ಸಿಸಿ, ಎರಡು ಸಿಲಿಂಡರ್, ಆರು ಗೇರ್. ಮೈಲೇಜ್ ಕಡಿಮೆ, ಬಿಡಿಭಾಗ ದುಬಾರಿ ಅಂತ ಆಗ ಜನ ಹಿಂಜರಿದರು. ಈಗ ಅದನ್ನೇ ಹುಡುಕಿಕೊಂಡು ಊರೂರು ಅಲೆಯುತ್ತೇವೆ.

ಮೊನ್ನೆ ಸುಂಟಿಕೊಪ್ಪದಿಂದ ಮಡಿಕೇರಿಗೆ ಹತ್ತಿಸಿದೆ. ಆರ್‌ಪಿಎಂ (ಇಂಜಿನ್ ತಿರುಗುವ ವೇಗ) ಏರುತ್ತಿದ್ದಂತೆ ಸದ್ದು ಬದಲಾಗುತ್ತದೆ, ಗಾಡಿ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತದೆ. ಆ ಖುಷಿ ಓಡಿಸಿದವರಿಗೇ ಗೊತ್ತು. ಇಳಿಯುವಾಗ ಮಾತ್ರ ಮೈಯೆಲ್ಲಾ ಕಣ್ಣಾಗಿರಬೇಕು. ಟೂ ಸ್ಟ್ರೋಕ್ ಇಂಜಿನ್ ಇಳಿಜಾರಲ್ಲಿ ಹಿಡಿದು ನಿಲ್ಲಿಸುವುದು ಕಡಿಮೆ, ನಮ್ಮ ದೇಶದ ಮಾಡೆಲ್‌ಗೆ ಮುಂದಿನ ಚಕ್ರಕ್ಕೂ ಡಿಸ್ಕ್ ಇಲ್ಲ, ಡ್ರಮ್ ಬ್ರೇಕೇ. ಮಳೆ ಬಿದ್ದ ತಿರುವುಗಳಲ್ಲಿ ಅವಸರ ಮಾಡುವ ಹಾಗೇ ಇಲ್ಲ.

ಇವತ್ತು ಬೆಳಿಗ್ಗೆ ಇಂಜಿನ್ ಕವರ್ ಬಿಚ್ಚಿ ಪಾಯಿಂಟ್ಸ್ (ಇಂಜಿನ್‌ಗೆ ಕಿಡಿ ಕೊಡಲು ತೆರೆದು ಮುಚ್ಚುವ ಪುಟ್ಟ ಸ್ವಿಚ್) ಒರೆಸಿದೆ. ತೆಳು ಕಾಗದ ಮಧ್ಯೆ ತೂರಿಸಿ ಎಳೆದರೆ ಕಪ್ಪು ಗೆರೆ ಬರುತ್ತದೆ. ಗೆರೆ ಬಾರದವರೆಗೂ ಎಳೆಯುವುದು. ಹೊಸ ಗಾಡಿಗಳಿಗೆ ಇಷ್ಟು ಕೈ ಹಾಕಬೇಕಾಗಿಯೇ ಇಲ್ಲ ಅಲ್ವಾ? ನನಗೆ ಇದೇ ಜಾಸ್ತಿ ಇಷ್ಟ.

ಗೋಣಿಕೊಪ್ಪ, ವಿರಾಜಪೇಟೆ ಕಡೆ ಯಾರ ಹತ್ತಿರವಾದರೂ ಒರಿಜಿನಲ್ ಸೈಲೆನ್ಸರ್ ಜೋಡಿ ಇದ್ದರೆ ದಯವಿಟ್ಟು ತಿಳಿಸಿ.