ಸತುವಿನ ಪೀಕ್ ನುಂಗಿದ್ದು ಯಾರು?

ಕೊನೆಗೂ ಸತು ಸಿಕ್ಕಿತು! ರಸ್ತೆ ಧೂಳಿನಲ್ಲಿ ಯಾವ್ಯಾವ ಲೋಹ ಇದೆ ಅಂತ ಅಳೆಯುತ್ತಿದ್ದೇನೆ. ಧೂಳನ್ನು ಜರಡಿ ಹಿಡಿದು, ಆಸಿಡ್‌ನಲ್ಲಿ ನೆನೆಸಿ, ಆ ದ್ರಾವಣಕ್ಕೆ ಬಿಸ್ಮತ್ ಲೋಹ ಲೇಪಿಸಿದ ಪೆನ್ಸಿಲ್ ಕಡ್ಡಿ ಅದ್ದುತ್ತೇನೆ. ವಿದ್ಯುತ್ ಹಾಯಿಸಿದರೆ ಲೋಹಗಳು ಕಡ್ಡಿಯ ಮೇಲೆ ಕೂರುತ್ತವೆ. ಆಮೇಲೆ ವೋಲ್ಟೇಜ್ ಏರಿಸುತ್ತ ಹೋದರೆ ಒಂದೊಂದೂ ತನ್ನದೇ ವೋಲ್ಟೇಜ್‌ನಲ್ಲಿ ಕಳಚಿಕೊಂಡು ಗ್ರಾಫ್‌ನಲ್ಲಿ ಒಂದು ಏರು ಮೂಡಿಸುತ್ತದೆ. ಅದೇ ಪೀಕ್.

ಈ ಸಲ ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ ಪಕ್ಕದ ಧೂಳು. ಸೀಸದ ಪೀಕ್ ಮೈನಸ್ 0.55 ವೋಲ್ಟ್ ಆಸುಪಾಸಿನಲ್ಲಿ ಸಲೀಸಾಗಿ ಎದ್ದಿತು. ಸತು ಮಾತ್ರ ನಾಪತ್ತೆ. ಟೈರ್ ರಬ್ಬರಿನಲ್ಲಿ ಸುಮಾರು ಶೇ. 1ರಷ್ಟು ಸತು ಇರುತ್ತದೆ. ಇಷ್ಟು ಟೈರ್ ಸವೆಯುವ ಜಾಗದಲ್ಲಿ ಸತುವೇ ಇಲ್ಲ ಅಂದ್ರೆ ಯಾರು ನಂಬುತ್ತಾರೆ?

ಕಡ್ಡಿ ಬದಲಾಯಿಸಿದೆ, ವೈರ್ ಬದಲಾಯಿಸಿದೆ, ಬಫರ್ (ಆಮ್ಲತೆಯನ್ನು ಒಂದೇ ಮಟ್ಟದಲ್ಲಿಡುವ ದ್ರಾವಣ) ಹೊಸದಾಗಿ ಮಾಡಿದೆ. ಊಹೂಂ. ಬರೀ ಬಫರ್‌ಗೆ ಸತು ಹಾಕಿದರೆ ಪೀಕ್ ಭರ್ಜರಿ. ಅದಕ್ಕೇ ಎರಡು ಹನಿ ಧೂಳಿನ ದ್ರಾವಣ ಬಿಟ್ಟರೆ ಕುಸಿತ. ಅನುಮಾನ ಬಂದು ತಾಮ್ರದ ಹನಿ ಮಾತ್ರ ಬಿಟ್ಟೆ. ಅದೇ ಕುಸಿತ! ಸತು, ತಾಮ್ರ ಎರಡೂ ಒಂದೇ ಕಡ್ಡಿಯ ಮೇಲೆ ಕೂತಾಗ ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಆಮೇಲೆ ಸತು ತನ್ನ ವೋಲ್ಟೇಜ್‌ನಲ್ಲಿ ಹೊರಗೆ ಬರುವುದೇ ಇಲ್ಲ. ತಾಮ್ರ ಎಲ್ಲಿಂದ ಅಂತೀರಾ? ಬ್ರೇಕ್ ಪ್ಯಾಡ್. ಸಿಲ್ಕ್ ಬೋರ್ಡ್‌ನಲ್ಲಿ ಗಾಡಿ ಓಡಿಸುವುದಕ್ಕಿಂತ ಬ್ರೇಕ್ ಒತ್ತುವುದೇ ಜಾಸ್ತಿ ಅಲ್ವಾ. ಕ್ಯಾಲಿಫೋರ್ನಿಯಾದವರು ಮೀನುಗಳ ಚಿಂತೆಯಿಂದ 2010ರಲ್ಲೇ ಕಾನೂನು ಮಾಡಿ, 2025ರಿಂದ ಪ್ಯಾಡಿನ ತಾಮ್ರಕ್ಕೆ ಶೇ. 0.5ರ ಮಿತಿ ಹಾಕಿದರು. ನಮ್ಮ ಧೂಳು ಮಳೆ ಬಂದರೆ ರಾಜಕಾಲುವೆ ಹಿಡಿದು ಬೆಳ್ಳಂದೂರು ಕೆರೆಗೆ ಹೋಗುತ್ತದೆ.

ಇದಕ್ಕೆ ಮದ್ದು ಗ್ಯಾಲಿಯಂ ಅನ್ನುವ ಇನ್ನೊಂದು ಲೋಹ. ಅದು ತಾಮ್ರವನ್ನು ತಾನೇ ಹಿಡಿದುಕೊಂಡು ಸತುವನ್ನು ಬಿಡಿಸುತ್ತದೆ. ನೀರಿನಲ್ಲಿ ಕರಗುವ ಅದರ ಲವಣ, ಗ್ಯಾಲಿಯಂ ನೈಟ್ರೇಟ್ ಕೇಳಿದರೆ ಅಂಗಡಿಯವನು ಗ್ಯಾಲಿಯಂ ಲೋಹವನ್ನೇ ಕಳಿಸಿದ. "ಎಲ್ಲಾ ಒಂದೇ ಸಾರ್!" ಕರಗುವ ಬಿಂದು 30 ಡಿಗ್ರಿಗಿಂತ ಸ್ವಲ್ಪ ಕಡಿಮೆ, ಏಪ್ರಿಲ್ ಬಿಸಿಲು ಬೇರೆ. ಪೊಟ್ಟಣದಲ್ಲಿ ಬಂದದ್ದು ನೀರು ನೀರು. ಆಸಿಡ್‌ನಲ್ಲಿ ಕರಗಿಸುವಷ್ಟರಲ್ಲಿ ಸಾಕುಸಾಕಾಯಿತು. ಆದರೂ ಹನಿ ಬಿಟ್ಟ ಕೂಡಲೇ ಸತು ಎದ್ದು ನಿಂತಿತು!

ಹಾಗಂತ ನನ್ನ ಭಯ ಸತುವಿನದ್ದಲ್ಲ. ಅದು ಟೈರ್ ಧೂಳು ಎಷ್ಟಿದೆ ಅಂತ ಹೇಳುವ ಗುರುತು ಅಷ್ಟೇ. ಭಯ ಸೀಸದ್ದು. ಮಕ್ಕಳ ಕೈಯಿಂದ ಬಾಯಿಗೆ ಹೋಗುವ ಈ ಧೂಳಿನಲ್ಲಿ ಸೀಸಕ್ಕೆ ಸುರಕ್ಷಿತ ಮಟ್ಟ ಅನ್ನುವುದೇ ಇಲ್ಲ. ಸೀಸದ ಪೆಟ್ರೋಲ್ 2000ದಲ್ಲೇ ನಿಂತಿದೆ. ಹಳೆಯದು ಮಣ್ಣಿನಲ್ಲಿ ಉಳಿದಿರುತ್ತದೆ, ಸರಿ. ಆದರೆ ಹಳದಿ-ಕಪ್ಪು ಪಟ್ಟಿಯ ಕಲ್ಲಿನ ಪಕ್ಕದ ಧೂಳಿನಲ್ಲೇ ಪೀಕ್ ಜಾಸ್ತಿ ಯಾಕೆ? ಹಳದಿ ಬಣ್ಣಕ್ಕೆ ಲೆಡ್ ಕ್ರೋಮೇಟ್ ಅನ್ನುವ ಸೀಸದ ಪುಡಿ ಹಾಕುವುದುಂಟು. ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಅನ್ನುವ 2016ರ ನಿಯಮ ಮನೆಯ ಮತ್ತು ಅಲಂಕಾರದ ಬಣ್ಣಗಳಿಗೆ ಮಾತ್ರ.

ಮುಂದಿನ ಪ್ರಾಜೆಕ್ಟ್ ಅದೇ: ಉದುರಿದ ಹಳದಿ ಚಕ್ಕೆಗಳು. ಲೆಡ್ ಕ್ರೋಮೇಟ್ ನನ್ನ ತೆಳು ಆಸಿಡ್‌ಗೆ ಸುಲಭವಾಗಿ ಬಗ್ಗುವುದಿಲ್ಲ. ಮೊದಲು ನುಣ್ಣಗೆ ಅರೆಯಬೇಕು. ಅಗೇಟ್ ಅನ್ನುವ ಗಟ್ಟಿ ಕಲ್ಲಿನ ಕಲ್ಬತ್ತು ಯಾರ ಹತ್ತಿರವಾದರೂ ಇದ್ದರೆ ಹೇಳಿ. ಮತ್ತೆ ಆ ಅಂಗಡಿಗೆ ಮಾತ್ರ ನಾನು ಹೋಗಲ್ಲ.